ಗಾಯ ಚಿಕ್ಕದು, ಗಂಡಾಂತರ ದೊಡ್ಡದು

ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರ ಬಗ್ಗೆ ಬಂಧುಬಳಗ ಮೊದಲು ಕೇಳುವುದು ‘ಸ್ಟೆಂಟ್ ಹಾಕಿದ್ರಾ?’ ಎಂದು. ಹಾಕಿದ್ದಾರೆಂದು ತಿಳಿದರೆ ಅರ್ಧ ಆತಂಕ ಇಳಿಯುತ್ತದೆ. ಬಹುಪಾಲು ರೋಗಿಗಳ ಮಟ್ಟಿಗೆ ಆ ಸಮಾಧಾನ ತಪ್ಪೇನಲ್ಲ. ಆದರೆ ರಕ್ತನಾಳ ಕಟ್ಟಿಕೊಂಡು ಗಂಟೆಗಟ್ಟಲೆ ಕಳೆದಿದ್ದರೆ ಅದು ಪೋಷಿಸುತ್ತಿದ್ದ ಸ್ನಾಯು ಆಗಲೇ ಸತ್ತಿರುತ್ತದೆ. ಸತ್ತದ್ದನ್ನು ಯಾವ ಸ್ಟೆಂಟೂ ಎಬ್ಬಿಸಲಾರದು. ಹೃದಯ ಮಾತ್ರ ಬಡಿದುಕೊಳ್ಳುತ್ತಲೇ ಇರುತ್ತದೆ, ಪ್ರತಿ ಬಡಿತದ ಒತ್ತಡವೂ ಆ ಸತ್ತ ಭಾಗದ ಮೇಲೆ ಬೀಳುತ್ತದೆ. ಕೆಲವರಲ್ಲಿ ಮೊದಲ ದಿನವೇ, ಇನ್ನು ಕೆಲವರಲ್ಲಿ ಮೂರರಿಂದ ಐದನೆಯ ದಿನದ ಹೊತ್ತಿಗೆ ಅದು ಹರಿಯುತ್ತದೆ. ಎಡ ಮತ್ತು ಬಲ ಕೆಳಕೋಣೆಗಳ ನಡುವಿನ ಗೋಡೆ ಹರಿದರೆ ಎಡಗಡೆಯ ರಕ್ತ ಬಲಗಡೆಗೆ ನುಗ್ಗಿ ಶ್ವಾಸಕೋಶಕ್ಕೆ ಹೊರೆಯಾಗುತ್ತದೆ, ಮೈಗೆ ಹೋಗಬೇಕಾದ ರಕ್ತ ಕಡಿಮೆಯಾಗುತ್ತದೆ. ಮೈಟ್ರಲ್ ಕವಾಟದ ದಾರಗಳನ್ನು ಹಿಡಿದಿಟ್ಟಿರುವ ಪ್ಯಾಪಿಲ್ಲರಿ ಸ್ನಾಯು ತುಂಡಾದರೆ ಕವಾಟ ಮುಚ್ಚದೆ ರಕ್ತ ಹಿಂದಕ್ಕೆ ಚಿಮ್ಮುತ್ತದೆ. ಹೊರಗೋಡೆಯೇ ಹರಿದರೆ ರಕ್ತ ಹೃದಯದ ಸುತ್ತಲಿನ ಚೀಲಕ್ಕೆ ಸೋರಿ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ಈ ಮೂರನ್ನೂ ವೈದ್ಯರು ಮೆಕ್ಯಾನಿಕಲ್ ಕಾಂಪ್ಲಿಕೇಶನ್ ಎಂಬ ಒಂದೇ ಹೆಸರಿನಲ್ಲಿ ಸೇರಿಸುತ್ತಾರೆ. ಇವುಗಳಿಗೆ ಬಹುಕಾಲ ಇದ್ದದ್ದು ಒಂದೇ ದಾರಿ: ಎದೆಗೂಡು ತೆರೆದು ಹೊಲಿಯುವುದು. ಕಳೆದ ಮೂರೂವರೆ ದಶಕಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ತೊಡೆಸಂದಿನ ಅಥವಾ ಕತ್ತಿನ ರಕ್ತನಾಳದಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ಕ್ಯಾತಿಟರ್ ನಳಿಕೆ ತೂರಿಸಿ, ಹರಿದ ಜಾಗಕ್ಕೆ ಬಿರಡೆ ಕೂರಿಸುವುದು ಅಥವಾ ಸೋರುವ ಕವಾಟಕ್ಕೆ ಕ್ಲಿಪ್ ಹಾಕುವುದು. ಇದನ್ನು ಕೇಳಿದವರಿಗೆ ಎರಡು ಬಗೆಯ ಅಭಿಪ್ರಾಯ ಸುಲಭವಾಗಿ ಬರುತ್ತದೆ. ಎದೆ ಕೊಯ್ಯದೆ ಆಗುವುದಾದರೆ ಕೊಯ್ಯುವುದೇಕೆ ಎಂಬುದು ಒಂದು. ಅಂಕಿಅಂಶದಲ್ಲಿ ಶಸ್ತ್ರಚಿಕಿತ್ಸೆಯೇ ಮುಂದಿರುವಾಗ ಈ ದುಬಾರಿ ಆಟವೇಕೆ ಎಂಬುದು ಇನ್ನೊಂದು. ಎರಡೂ ಪ್ರಶ್ನೆಯನ್ನು ತಪ್ಪಾಗಿ ಹಾಕಿಕೊಂಡಿವೆ ಎಂಬುದು ನನ್ನ ವಾದ. ಚರ್ಮದ ಮೇಲಿನ ಗಾಯ ಎಷ್ಟು ದೊಡ್ಡದು ಎಂಬುದರಿಂದ ಈ ಚಿಕಿತ್ಸೆಯ ಬೆಲೆ ಕಟ್ಟಲಾಗದು. ಒಳಗಿನ ಸತ್ತ ಸ್ನಾಯು ಗಟ್ಟಿಯಾಗುವವರೆಗೆ ಅದು ರೋಗಿಗೆ ಎಷ್ಟು ದಿನ ಗಳಿಸಿಕೊಡುತ್ತದೆ, ಶಸ್ತ್ರಚಿಕಿತ್ಸಕರು ಕೈಬಿಟ್ಟವರಲ್ಲಿ ಎಷ್ಟು ಜನರನ್ನು ತಲುಪುತ್ತದೆ ಎಂಬುದೇ ನಿಜವಾದ ಅಳತೆ.

ಮೊದಲು ಗಂಡಾಂತರದ ಗಾತ್ರ ತಿಳಿದುಕೊಳ್ಳೋಣ. ರಕ್ತಹೆಪ್ಪು ಕರಗಿಸುವ ಔಷಧಗಳನ್ನು ಹೋಲಿಸಿದ ಗಸ್ಟೊ ಅಧ್ಯಯನದಲ್ಲಿ 41,021 ರೋಗಿಗಳಿದ್ದರು. ಅವರಲ್ಲಿ ನಡುಗೋಡೆ ಹರಿದದ್ದು ಖಚಿತವಾದದ್ದು 84 ಮಂದಿಯಲ್ಲಿ, ಅಂದರೆ ಶೇ 0.2. ಔಷಧ ಬರುವ ಮೊದಲಿನ ಕಾಲದಲ್ಲಿ ಇದು ಶೇ 1ರಿಂದ 3ರಷ್ಟಿತ್ತು, ಹಾಗಾಗಿ ಇಳಿಕೆ ದೊಡ್ಡದೇ. ಆದರೆ ಆ 84 ಮಂದಿಯ ಕಥೆ ಬೇರೆ. ಬರೀ ಔಷಧದಲ್ಲಿ ಉಳಿದವರಲ್ಲಿ ಶೇ 94 ಜನ ಮೂವತ್ತು ದಿನದೊಳಗೆ ತೀರಿಕೊಂಡರು. ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 47. ಕಾಯಿಲೆ ಅಪರೂಪವಾಯಿತು, ಬಂದವರಿಗೆ ಮಾತ್ರ ಅದು ಅಷ್ಟೇ ಕ್ರೂರವಾಗಿ ಉಳಿಯಿತು. ಆಂಜಿಯೋಪ್ಲಾಸ್ಟಿಯ ಯುಗದಲ್ಲೂ ಚಿತ್ರ ಹೆಚ್ಚು ಬದಲಾಗಿಲ್ಲ. ಅಮೆರಿಕದ ಆಸ್ಪತ್ರೆಗಳ 2003ರಿಂದ 2015ರವರೆಗಿನ ದಾಖಲೆಗಳಲ್ಲಿ, ರಕ್ತನಾಳ ಪೂರ್ತಿ ಕಟ್ಟಿಕೊಂಡು ಆಗುವ ದೊಡ್ಡ ಹೃದಯಾಘಾತಗಳ ಪೈಕಿ ಸಾವಿರಕ್ಕೆ ಮೂರಕ್ಕೂ ಕಡಿಮೆ ಜನರಲ್ಲಿ ಇಂಥ ತೊಡಕು ಕಂಡಿತು. ಹಾಗೆ ಕಂಡವರಲ್ಲಿ ಶೇ 42 ಜನ ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.

ಶಸ್ತ್ರಚಿಕಿತ್ಸೆ ಇಷ್ಟು ಕಷ್ಟವಾಗಲು ಸರ್ಜನ್‌ಗಳ ಕೈಚಳಕದ ಕೊರತೆ ಕಾರಣವಲ್ಲ. 1956ರಲ್ಲಿ ಹ್ಯೂಸ್ಟನ್ನಿನ ಡೆಂಟನ್ ಕೂಲಿ ಇಂಥ ಹರಿದ ಗೋಡೆಯನ್ನು ಮೊದಲ ಬಾರಿಗೆ ಹೊಲಿದ ಮೇಲೆ ವಿಧಾನ ಎಷ್ಟೋ ಸುಧಾರಿಸಿದೆ. ಟೊರಾಂಟೊದ ಟಿರೋನ್ ಡೇವಿಡ್ ಸತ್ತ ಭಾಗವನ್ನು ಕತ್ತರಿಸಲು ಹೋಗದೆ, ಅದರಾಚೆಯ ಜೀವಂತ ಸ್ನಾಯುವಿಗೆ ದನದ ಹೃದಯಚೀಲದ ತೇಪೆ ಹೊಲಿದು ಇಡೀ ಭಾಗವನ್ನೇ ಬದಿಗಿರಿಸುವ ವಿಧಾನವನ್ನು ಬೆಳೆಸಿದರು. ಆದರೂ ಮೊದಲ ವಾರದ ಹೃದಯಸ್ನಾಯು ಜೀರ್ಣವಾದ ಬಟ್ಟೆಯಿದ್ದಂತೆ: ದಾರ ಎಷ್ಟು ಗಟ್ಟಿಯಿದ್ದರೂ ಹೊಲಿಗೆಯ ಪಕ್ಕದಲ್ಲೇ ಪಿಸಿಯುತ್ತದೆ. ಗಾಯದ ಅಂಚಿನಲ್ಲಿ ಕಲೆಯ ಅಂಗಾಂಶ ಬೆಳೆದು ದಾರ ಹಿಡಿಯುವಷ್ಟು ಗಟ್ಟಿಯಾಗಲು ವಾರಗಳೇ ಬೇಕು. ಅಷ್ಟು ದಿನ ರೋಗಿ ತಡೆಯುವುದಿಲ್ಲ.

ಇಲ್ಲೊಂದು ಪ್ರಸಿದ್ಧ ಅಂಕಿಯನ್ನು ಎಚ್ಚರದಿಂದ ಓದಬೇಕು. ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘದ ದಾಖಲೆಗಳಿಂದ 1999ರಿಂದ 2010ರವರೆಗಿನ 2,876 ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದಾಗ ಒಟ್ಟಾರೆ ಸಾವು ಶೇ 43ರಷ್ಟಿತ್ತು. ಏಳು ದಿನದೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 54, ಏಳು ದಿನ ಕಳೆದ ಮೇಲೆ ಆದವರಲ್ಲಿ ಶೇ 18. ಇದನ್ನು ನೋಡಿದ ಯಾರಿಗೇ ಆದರೂ, ಹಾಗಾದರೆ ಕಾಯೋಣ ಅನ್ನಿಸುತ್ತದೆ. ಆದರೆ ಏಳು ದಿನ ದಾಟಿ ಮೇಜಿನ ಮೇಲೆ ಬಂದವರು ಏಳು ದಿನ ಬದುಕಿ ಉಳಿದವರು. ಅವರ ಹರಕು ಚಿಕ್ಕದಿತ್ತು, ಉಳಿದ ಹೃದಯ ಗಟ್ಟಿಯಿತ್ತು. ಕಾಯುತ್ತಲೇ ತೀರಿಕೊಂಡವರು ಈ ಲೆಕ್ಕಕ್ಕೆ ಬರುವುದೇ ಇಲ್ಲ. 2013ರ ಅಮೆರಿಕದ ಮಾರ್ಗಸೂಚಿ, ರೋಗಿ ಮೇಲ್ನೋಟಕ್ಕೆ ಸ್ಥಿರವಾಗಿದ್ದರೂ ತುರ್ತು ಶಸ್ತ್ರಚಿಕಿತ್ಸೆ ಆಗಬೇಕು ಎಂದಿತು; ಹರಕು ಯಾವ ಗಳಿಗೆಯಲ್ಲಾದರೂ ಹಿಗ್ಗಬಹುದು ಎಂಬುದು ಅದರ ತರ್ಕ. ಯುರೋಪಿನವರು, ಚೇತರಿಸಿಕೊಳ್ಳುತ್ತಿರುವ ರೋಗಿಗೆ ಕಾದು ಮಾಡಬಹುದು ಎಂಬ ಅವಕಾಶ ಉಳಿಸಿಕೊಂಡರು. ತಡವಾದರೆ ರೋಗಿ ಉಳಿಯುವುದಿಲ್ಲ, ಬೇಗ ಮಾಡಿದರೆ ಹೊಲಿಗೆ ಉಳಿಯುವುದಿಲ್ಲ. ಕ್ಯಾತಿಟರ್ ಚಿಕಿತ್ಸೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

1988ರಲ್ಲಿ ಬಾಸ್ಟನ್ನಿನ ಜೇಮ್ಸ್ ಲಾಕ್ ಮತ್ತು ಸಂಗಡಿಗರು ಕೆಳಕೋಣೆಗಳ ನಡುವಿನ ತೂತುಗಳನ್ನು ಕ್ಯಾತಿಟರ್ ಮೂಲಕ ಮುಚ್ಚಿದ್ದನ್ನು ವರದಿ ಮಾಡಿದರು. ಆಮೇಲೆ ಮಿನ್ನೆಸೋಟದ ರೇಡಿಯಾಲಜಿಸ್ಟ್ ಕರ್ಟ್ ಆಂಪ್ಲಾಟ್ಜ್ ರೂಪಿಸಿದ, ನಿಟಿನಾಲ್ ತಂತಿಯಿಂದ ಹೆಣೆದ ಸಾಧನಗಳು ಬಂದವು. ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ಈ ಲೋಹಕ್ಕೆ ಕೊಟ್ಟ ಆಕಾರ ನೆನಪಿರುತ್ತದೆ. ಎಳೆದು ನಳಿಕೆಯೊಳಗೆ ತುಂಬಿದರೂ ಹೊರಬಂದ ಕೂಡಲೇ ಮೊದಲಿನ ರೂಪಕ್ಕೆ ಅರಳುತ್ತದೆ. ಎರಡು ಬಿಲ್ಲೆಗಳು, ನಡುವೆ ಒಂದು ಸೊಂಟ. ಗೋಡೆಯ ಆಚೆಗೊಂದು, ಈಚೆಗೊಂದು ಬಿಲ್ಲೆ ಒತ್ತಿಕೊಂಡು, ಸೊಂಟ ತೂತಿನಲ್ಲಿ ಕೂರುತ್ತದೆ. ಹುಟ್ಟಿನಿಂದ ತೂತಿರುವ ಮಕ್ಕಳಿಗಾಗಿ ಮಾಡಿದ ಸಾಧನಕ್ಕೆ ಹೃದಯಾಘಾತದವರಿಗೆಂದೇ ಸೊಂಟ ಉದ್ದ ಮಾಡಿದರು, ಯಾಕೆಂದರೆ ದೊಡ್ಡವರ ಗೋಡೆ ದಪ್ಪ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದು ಪೂರ್ಣ ಪ್ರಮಾಣದ ಒಪ್ಪಿಗೆಯಲ್ಲ. ಅಪರೂಪದ ಕಾಯಿಲೆಗಳ ಸಾಧನಗಳಿಗೆ ಮಾನವೀಯತೆಯ ನೆಲೆಯಲ್ಲಿ ಕೊಡುವ ವಿನಾಯಿತಿ.

ಕ್ಯಾತ್‌ಲ್ಯಾಬಿನಲ್ಲಿ ಆ ಕೆಲಸ ನಡೆಯುವ ಬಗೆಯನ್ನು ತುಸು ಹತ್ತಿರದಿಂದ ನೋಡಿದರೆ ಇದು ಸಣ್ಣ ಚಿಕಿತ್ಸೆ ಎಂಬ ಭ್ರಮೆ ತಾನಾಗಿ ಹೋಗುತ್ತದೆ. ರೋಗಿಗೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟಿರುತ್ತಾರೆ, ಅನ್ನನಾಳದಲ್ಲಿ ಎಕೋ ಯಂತ್ರದ ಕೊಳವೆ ಇರುತ್ತದೆ. ತೊಡೆಯ ಅಪಧಮನಿಯಿಂದ ಹೊರಟ ತಂತಿ ಮಹಾಪಧಮನಿಯನ್ನು ಹತ್ತಿ ಎಡ ಕೆಳಕೋಣೆಗೆ ಇಳಿದು, ಹರಿದ ಗೋಡೆಯನ್ನು ದಾಟಿ ಬಲಗಡೆಗೆ, ಅಲ್ಲಿಂದ ಶ್ವಾಸಕೋಶದ ಅಪಧಮನಿಗೆ ತಲುಪಬೇಕು. ಕತ್ತಿನ ಅಭಿಧಮನಿಯಿಂದ ಬಂದ ಇನ್ನೊಂದು ನಳಿಕೆಯ ಕುಣಿಕೆ ಅದರ ತುದಿಯನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ. ಈಗ ತೊಡೆಯಿಂದ ಕತ್ತಿನವರೆಗೆ ಹೃದಯದ ಮೂಲಕ ಹಾದ ಒಂದೇ ತಂತಿ ಸಿದ್ಧ. ಕತ್ತಿನ ಕಡೆಯಿಂದ ದಪ್ಪ ನಳಿಕೆಯನ್ನು ಅದರ ಮೇಲೆ ಜಾರಿಸಿ, ಎಡಗಡೆಯ ಬಿಲ್ಲೆಯನ್ನು ಮೊದಲು ಅರಳಿಸಿ, ಗೋಡೆಗೆ ಒತ್ತುವಂತೆ ಎಳೆದು, ಆಮೇಲೆ ಬಲಗಡೆಯದನ್ನು ಬಿಡುತ್ತಾರೆ. ಹರಿದ ಗೋಡೆಯ ತೂತು ದುಂಡಗಿರುವುದಿಲ್ಲ. ಹೃದಯದ ಮುಂಭಾಗದ ಆಘಾತದಲ್ಲಿ ಅದು ತುದಿಯ ಹತ್ತಿರ, ಸರಳವಾಗಿ ಇರಬಹುದು. ಕೆಳಭಾಗದ ಆಘಾತದಲ್ಲಿ ಕವಾಟಗಳಿಗೆ ತಾಗಿಕೊಂಡು, ಸ್ನಾಯುವಿನೊಳಗೆ ಅಂಕುಡೊಂಕಾಗಿ ಸುರಂಗದ ಹಾಗೆ ಹೋಗಿರುತ್ತದೆ. ಅಂಥ ಕಡೆ ಬಿಲ್ಲೆ ಕೂರಲು ಅಂಚೇ ಸಿಗುವುದಿಲ್ಲ. ಹದಿನೈದು ಮಿಲಿಮೀಟರಿಗಿಂತ ದೊಡ್ಡ ಹರಕುಗಳಿಗೆ ಈ ದಾರಿ ಸಾಮಾನ್ಯವಾಗಿ ಹೊಂದುವುದಿಲ್ಲ. ಕೂತ ಮೇಲೂ ಹೆಣಿಗೆಯ ಸಂದಿನಲ್ಲಿ ರಕ್ತ ರಭಸದಿಂದ ನುಗ್ಗಿ ಕೆಂಪು ರಕ್ತಕಣಗಳು ಒಡೆಯಬಹುದು, ಸಾಧನ ಜಾರಬಹುದು, ಸುತ್ತಲಿನ ಸ್ನಾಯು ಇನ್ನಷ್ಟು ಸತ್ತು ತೂತೇ ಹಿಗ್ಗಬಹುದು.

ಫಲಿತಾಂಶ ಏನು? ಲೈಪ್‌ಜಿಗ್‌ನ ಹೋಲ್ಗರ್ ಥೀಲೆ ಅವರ ತಂಡ 2009ರಲ್ಲಿ, ಹರಿದದ್ದು ಗೊತ್ತಾದ ಕೂಡಲೇ ಕ್ಯಾತಿಟರ್ ಮೂಲಕ ಮುಚ್ಚಿದ 29 ರೋಗಿಗಳ ವಿವರ ಪ್ರಕಟಿಸಿತು. ಮೂವತ್ತು ದಿನ ಬದುಕಿದವರು ಶೇ 35 ಮಾತ್ರ. ರಕ್ತದೊತ್ತಡ ಕುಸಿದು ಆಘಾತ ಸ್ಥಿತಿಯಲ್ಲಿದ್ದವರಲ್ಲಿ ಶೇ 88 ಜನ ಸತ್ತರು, ಆ ಸ್ಥಿತಿ ಮುಟ್ಟದವರಲ್ಲಿ ಶೇ 38. ಬ್ರಿಟನ್ನಿನ 11 ಕೇಂದ್ರಗಳ 53 ರೋಗಿಗಳ ವರದಿ 2014ರಲ್ಲಿ ಬಂತು. ಸಾಧನ ಕೂರಿಸಲು ಸಾಧ್ಯವಾದದ್ದು ಶೇ 89 ಮಂದಿಯಲ್ಲಿ, ಮನೆಗೆ ಮರಳಿದವರು ಶೇ 58. ಸಾಧನ ಕೂತರೆ ರೋಗಿ ಉಳಿದ ಎಂದಲ್ಲ, ಈ ಎರಡು ಅಂಕಿಗಳ ನಡುವಿನ ಅಂತರವೇ ಅದನ್ನು ಹೇಳುತ್ತದೆ. ಎಲ್ಲಕ್ಕಿಂತ ತೂಕದ ಪುರಾವೆ 2022ರದ್ದು. 2010ರಿಂದ 2021ರವರೆಗೆ ಬ್ರಿಟನ್ನಿನ 16 ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದ 362 ರೋಗಿಗಳಲ್ಲಿ 231 ಮಂದಿಗೆ ಮೊದಲು ಶಸ್ತ್ರಚಿಕಿತ್ಸೆ, 131 ಮಂದಿಗೆ ಮೊದಲು ಕ್ಯಾತಿಟರ್ ಚಿಕಿತ್ಸೆ ಆಗಿತ್ತು. ಆಸ್ಪತ್ರೆಯಲ್ಲಿ ಸತ್ತವರು ಕ್ರಮವಾಗಿ ಶೇ 44 ಮತ್ತು ಶೇ 55.

ಕ್ಯಾತಿಟರ್ ದಾರಿಯನ್ನು ವಿರೋಧಿಸುವವರು ಈ ಕೊನೆಯ ಎರಡು ಅಂಕಿಗಳನ್ನು ಎತ್ತಿ ಹಿಡಿಯುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಯಾರಿಗೆ ಎರಡೂ ಸಾಧ್ಯವೋ ಅಂಥವರಿಗೆ ಶಸ್ತ್ರಚಿಕಿತ್ಸೆ ಬಿಟ್ಟು ಬಿರಡೆ ಸಾಕು ಎನ್ನಲು ಇದುವರೆಗೆ ಯಾವ ಆಧಾರವೂ ಇಲ್ಲ. ಆದರೆ ಆ ಎರಡು ಗುಂಪುಗಳು ಚೀಟಿ ಎತ್ತಿ ಹಂಚಿದವಲ್ಲ. ಕ್ಯಾತಿಟರ್ ಗುಂಪಿನವರು ವಯಸ್ಸಿನಲ್ಲಿ ಹಿರಿಯರು; ಸರ್ಜನ್ ಬೇಡವೆಂದ ಮೇಲೆ ಈ ದಾರಿಗೆ ಬಂದವರು ಈ ಬಗೆಯ ದಾಖಲೆಗಳಲ್ಲಿ ಇದ್ದೇ ಇರುತ್ತಾರೆ. ಅವರನ್ನು ಹೋಲಿಸಬೇಕಾದದ್ದು ಶಸ್ತ್ರಚಿಕಿತ್ಸೆಯ ಶೇ 44ರ ಜೊತೆಗಲ್ಲ, ಬರೀ ಔಷಧದಲ್ಲಿ ಬಿಟ್ಟಾಗಿನ ಶೇ 94ರ ಜೊತೆ. ಅದೇ ಬ್ರಿಟಿಷ್ ವರದಿಯಲ್ಲಿ ಐದು ವರ್ಷಗಳ ಲೆಕ್ಕ ತೆಗೆದಾಗ ಎರಡು ಗುಂಪುಗಳ ಸಾವಿನ ಅಂತರ ಗಣನೀಯವಾಗಿ ಉಳಿಯಲಿಲ್ಲ. ನನ್ನ ಮಟ್ಟಿಗೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಅಂಕಿ ಬೇರೆಯೇ: ಮೊದಲು ಬಿರಡೆ ಹಾಕಿಸಿಕೊಂಡವರಲ್ಲಿ ಶೇ 22 ಜನ ಆಮೇಲೆ ಶಸ್ತ್ರಚಿಕಿತ್ಸೆಗೆ ಹೋದರು, ಮೊದಲು ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 8ರಷ್ಟು ಮಂದಿಗೆ ಆಮೇಲೆ ಬಿರಡೆ ಬೇಕಾಯಿತು. ನಾವು ಹೊರಗೆ ನಿಂತು ಇದೋ ಅದೋ ಎಂದು ಜಗಳವಾಡುತ್ತಿರುವಾಗ, ಒಳಗಿನವರು ಎರಡನ್ನೂ ಒಂದರ ಹಿಂದೆ ಒಂದರಂತೆ ಬಳಸುತ್ತಿದ್ದಾರೆ. ಹೊಲಿದ ತೇಪೆಯ ಅಂಚಿನಲ್ಲಿ ವಾರ ಕಳೆದ ಮೇಲೆ ಮತ್ತೆ ಸೋರಿಕೆ ಶುರುವಾದರೆ ಎರಡನೆಯ ಬಾರಿ ಎದೆ ತೆರೆಯುವುದಕ್ಕಿಂತ ಬಿರಡೆ ಮೇಲು. ಅಷ್ಟು ಹೊತ್ತಿಗೆ ಅಂಚೂ ಗಟ್ಟಿಯಾಗಿರುತ್ತದೆ. ಮೊದಲ ದಿನಗಳಲ್ಲಿ ಪೂರ್ತಿ ಮುಚ್ಚದಿದ್ದರೂ ಸೋರಿಕೆ ತಗ್ಗಿಸುವ ಬಿರಡೆ, ಆಮೇಲಿನ ಹೊಲಿಗೆಗೆ ಹೊತ್ತು ಕೊಡುತ್ತದೆ.

ಹೊತ್ತು ಗಳಿಸುವ ಇನ್ನೊಂದು ಬಗೆ ಯಂತ್ರಗಳದ್ದು, ಅವೂ ತೊಡೆಯ ದಾರಿಯಲ್ಲೇ ಬರುವಂಥವು. ಮಹಾಪಧಮನಿಯಲ್ಲಿ ಉಬ್ಬಿ ಇಳಿಯುವ ಬಲೂನ್ ಪಂಪ್ ಎಡ ಕೆಳಕೋಣೆಯ ಹೊರೆ ಇಳಿಸಿ, ರಕ್ತ ಅಡ್ಡದಾರಿ ಹಿಡಿಯುವುದನ್ನು ಕಡಿಮೆ ಮಾಡುತ್ತದೆ. ಇಂಪೆಲ್ಲಾ ಎಂಬ ಪುಟ್ಟ ಪಂಪು ಎಡ ಕೆಳಕೋಣೆಯಿಂದಲೇ ರಕ್ತ ಹೀರಿ ಮುಂದಕ್ಕೆ ಹರಿಸುತ್ತದೆ. ಎಕ್ಮೋ ಹೃದಯದ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ವಹಿಸಿಕೊಳ್ಳುತ್ತದೆ. ಇವುಗಳ ಆಸರೆಯಲ್ಲಿ ಕೆಲವು ದಿನ ತಳ್ಳಿ, ಮೂತ್ರಪಿಂಡ ಚೇತರಿಸಿದ ಮೇಲೆ ಹೊಲಿಯುವುದು ಈಗ ದೊಡ್ಡ ಕೇಂದ್ರಗಳ ಒಲವು. ರಕ್ತಸ್ರಾವ, ಸೋಂಕು, ಕಾಲಿಗೆ ರಕ್ತ ಹೋಗದಿರುವುದು ಇವೆಲ್ಲ ಜೊತೆಗೇ ಬರುತ್ತವೆ, ಹಾಗಾಗಿ ಕಾಯುವುದೂ ಅಪಾಯವಿಲ್ಲದ ಕೆಲಸವಲ್ಲ.

ಕವಾಟದ ಕಥೆ ಸ್ವಲ್ಪ ಭಿನ್ನ, ಹೆಚ್ಚು ಆಶಾದಾಯಕವೂ ಹೌದು. ಪ್ಯಾಪಿಲ್ಲರಿ ಸ್ನಾಯುಗಳು ಎರಡು. ಮುಂದಿನದಕ್ಕೆ ಸಾಮಾನ್ಯವಾಗಿ ಎರಡು ರಕ್ತನಾಳಗಳ ಪೋಷಣೆ, ಹಿಂದಿನದಕ್ಕೆ ಒಂದೇ. ಹಾಗಾಗಿ ಹೃದಯದ ಕೆಳಭಾಗದಲ್ಲಿ, ಅಷ್ಟೇನೂ ದೊಡ್ಡದಲ್ಲದ ಆಘಾತವಾದರೂ ಹಿಂದಿನ ಸ್ನಾಯು ತುಂಡಾಗಬಹುದು. ಇದರಲ್ಲೊಂದು ಮೋಸವಿದೆ. ನಡುಗೋಡೆ ಹರಿದಾಗ ಸ್ಟೆತಾಸ್ಕೋಪಿನಲ್ಲಿ ಹಿಂದಿನ ದಿನ ಇಲ್ಲದ ಒರಟು ಸದ್ದು ಜೋರಾಗಿ ಕೇಳುತ್ತದೆ, ಎದೆಯ ಮೇಲೆ ಕೈಯಿಟ್ಟರೆ ನಡುಕವೂ ಸಿಗಬಹುದು. ಪ್ಯಾಪಿಲ್ಲರಿ ಸ್ನಾಯು ತುಂಡಾದಾಗ ಸೋರಿಕೆ ಎಷ್ಟು ಭಾರಿಯೆಂದರೆ ಮೇಲಿನ ಮತ್ತು ಕೆಳಗಿನ ಕೋಣೆಗಳ ಒತ್ತಡ ಕ್ಷಣದಲ್ಲಿ ಸಮನಾಗಿ ಸದ್ದೇ ಅಡಗಬಹುದು. ರೋಗಿ ಏದುಸಿರು ಬಿಡುತ್ತಿರುತ್ತಾರೆ, ಕಿವಿಗೆ ಏನೂ ಕೇಳುವುದಿಲ್ಲ. ಹಾಸಿಗೆಯ ಪಕ್ಕಕ್ಕೇ ಎಕೋ ಯಂತ್ರ ತಂದು ನೋಡದೆ ಇಲ್ಲಿ ಬೇರೆ ದಾರಿಯಿಲ್ಲ.

ಸೋರುವ ಮೈಟ್ರಲ್ ಕವಾಟದ ಎರಡು ರೆಕ್ಕೆಗಳನ್ನು ನಡುವೆ ಒಂದು ಹೊಲಿಗೆಯಿಂದ ಸೇರಿಸಿದರೆ ಸೋರಿಕೆ ತಗ್ಗುತ್ತದೆ ಎಂಬ ಉಪಾಯವನ್ನು 1990ರ ದಶಕದ ಆರಂಭದಲ್ಲಿ ಇಟಲಿಯ ಸರ್ಜನ್ ಒಟ್ಟಾವಿಯೊ ಆಲ್ಫಿಯೆರಿ ಕಂಡುಕೊಂಡರು. ಅದೇ ಹೊಲಿಗೆಯನ್ನು ಕ್ಲಿಪ್ ರೂಪದಲ್ಲಿ ತೊಡೆಯ ಅಭಿಧಮನಿಯಿಂದ ಒಯ್ದು ಹಾಕುವ ಮೈಟ್ರಾಕ್ಲಿಪ್ ಮನುಷ್ಯರಲ್ಲಿ ಮೊದಲು ಬಳಕೆಯಾದದ್ದು 2003ರಲ್ಲಿ. ಹೃದಯಾಘಾತದ ಬೆನ್ನಲ್ಲೇ ಕವಾಟ ಸೋರತೊಡಗಿದ 471 ರೋಗಿಗಳ ಅಂತರರಾಷ್ಟ್ರೀಯ ದಾಖಲೆ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಕ್ಲಿಪ್ ಹಾಕಿಸಿಕೊಂಡವರ ಪೈಕಿ ಆಸ್ಪತ್ರೆಯಲ್ಲಿ ಸತ್ತವರು ಶೇ 6, ಶಸ್ತ್ರಚಿಕಿತ್ಸೆಯಾದವರ ಪೈಕಿ ಶೇ 16. ವರ್ಷ ಕಳೆದಾಗ ಶೇ 17 ಮತ್ತು ಶೇ 31. ನಡುಗೋಡೆಯ ವಿಷಯದಲ್ಲಿ ಶಸ್ತ್ರಚಿಕಿತ್ಸೆಯ ಅಂಕಿಯನ್ನು ಅನುಮಾನದಿಂದ ನೋಡಿದ ಮೇಲೆ ಇಲ್ಲಿ ಕ್ಲಿಪ್ಪಿನ ಅಂಕಿಯನ್ನೂ ಅಷ್ಟೇ ಅನುಮಾನದಿಂದ ನೋಡುವುದು ನ್ಯಾಯ. ಇವೂ ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲ. ಜೊತೆಗೆ ಸೋರುವ ಕವಾಟಗಳೆಲ್ಲ ಒಂದೇ ಬಗೆಯವಲ್ಲ: ಸ್ನಾಯು ತುಂಡಾಗದೆ, ಹೃದಯದ ಗೋಡೆ ಸರಿಯಾಗಿ ಕುಗ್ಗದೆ ರೆಕ್ಕೆ ಎಳೆದುಕೊಂಡಂತಾಗಿ ಸೋರುವುದೇ ಹೆಚ್ಚು, ಕ್ಲಿಪ್ ಚೆನ್ನಾಗಿ ಒದಗುವುದೂ ಅಲ್ಲೇ. ಸ್ನಾಯು ಪೂರ್ತಿ ತುಂಡಾಗಿ ರೆಕ್ಕೆ ಹಾರಾಡುತ್ತಿದ್ದರೆ ಈಗಲೂ ಮೊದಲ ಆಯ್ಕೆ ಶಸ್ತ್ರಚಿಕಿತ್ಸೆ. ಅದನ್ನು ತಡೆಯುವ ಶಕ್ತಿ ಇಲ್ಲದವರಿಗೆ ಮಾತ್ರ ಕ್ಲಿಪ್. ಹೊರಗೋಡೆ ಹರಿದವರ ಮಟ್ಟಿಗಂತೂ ಕ್ಯಾತಿಟರ್‌ಗೆ ಹೆಚ್ಚಿನ ಪಾತ್ರವಿಲ್ಲ. ಹರಕಿನ ಸುತ್ತ ರಕ್ತ ಹೆಪ್ಪುಗಟ್ಟಿ ಚೀಲದಂತೆ ಉಳಿದುಕೊಂಡ ಕೆಲವರಲ್ಲಷ್ಟೇ ಅದರ ಬಾಯಿಗೆ ಬಿರಡೆ ಹಾಕಿದ ಉದಾಹರಣೆಗಳಿವೆ.

ಕ್ಯಾತಿಟರ್‌ನ ಪರವಾಗಿರುವವರ ಒಂದು ಮಾತಿಗೂ ಉತ್ತರ ಹೇಳಬೇಕು. ವಯಸ್ಸಾದವರಿಗೆ, ನಿತ್ರಾಣರಿಗೆ ಎದೆ ಕೊಯ್ಯದೆ ಮುಗಿಯುವುದೇ ದೊಡ್ಡ ಲಾಭವಲ್ಲವೇ ಎನ್ನುತ್ತಾರೆ. ಲಾಭ ಹೌದು, ಆದರೆ ಲೈಪ್‌ಜಿಗ್‌ನ ಆ ಶೇ 88 ಮರೆಯಬಾರದು. ರಕ್ತದೊತ್ತಡ ನಿಲ್ಲದೆ ಮೂತ್ರಪಿಂಡ, ಯಕೃತ್ತು ಸೋತ ಮೇಲೆ ತೂತು ಮುಚ್ಚಿದರೂ ಸೋತ ಅಂಗಗಳು ಮರಳುವುದಿಲ್ಲ. ಅಂಥ ಹೊತ್ತಿನಲ್ಲಿ ‘ಆಪರೇಶನ್ ಇಲ್ಲದೆ ಮಾಡ್ತೀವಿ’ ಎಂಬ ಮಾತು ಮನೆಯವರ ಕಿವಿಗೆ ‘ಅಪಾಯ ಇಲ್ಲ’ ಎಂದು ಕೇಳಿಸುತ್ತದೆ. ಸಹಿ ಹಾಕಿಸಿಕೊಳ್ಳುವ ಮುನ್ನ, ಇಂಥ ಹತ್ತು ಜನರಲ್ಲಿ ಎಷ್ಟು ಮಂದಿ ಮನೆಗೆ ಹೋಗುತ್ತಾರೆ ಎಂಬುದನ್ನು ನೇರವಾಗಿ ಹೇಳುವುದು, ಸರ್ಜನ್ ಮತ್ತು ಕಾರ್ಡಿಯಾಲಜಿಸ್ಟ್ ಇಬ್ಬರೂ ಒಟ್ಟಿಗೆ ಕೂತು ಹೇಳುವುದು ಸರಿಯಾದ ಕ್ರಮ. ಒಬ್ಬರೇ ಹೇಳಿದರೆ ತಮ್ಮ ಕೈಯಲ್ಲಿರುವ ಸಾಧನದ ಪರವಾಗಿಯೇ ಹೇಳುತ್ತಾರೆ, ಅದು ಮನುಷ್ಯ ಸಹಜ.

ಕರ್ನಾಟಕದ ಮಟ್ಟಿಗೆ ಕೇಳಲೇಬೇಕಾದ ಆಕ್ಷೇಪ ದುಡ್ಡಿನದು. ಸಾವಿರಕ್ಕೆ ಮೂವರಿಗೂ ಬಾರದ ತೊಡಕಿಗೆ, ಲಕ್ಷಗಟ್ಟಲೆ ಬೆಲೆಯ ಬಿರಡೆ, ಕ್ಲಿಪ್ಪು, ಪಂಪುಗಳು ಬೇಕೇ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ದಾಖಲೆಯಲ್ಲಿ ದೇಶದ 89 ಆಸ್ಪತ್ರೆಗಳ 20,468 ರೋಗಿಗಳಿದ್ದರು. ನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಅವಧಿ ಆರು ಗಂಟೆ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಕೂತ ಹೊತ್ತೂ ಅದರಲ್ಲಿ ಸೇರಿದೆ. ಸ್ನಾಯು ಸಾಯುವುದು ಆ ಗಂಟೆಗಳಲ್ಲೇ. ಹಾಗಾಗಿ ಮೊದಲ ರೂಪಾಯಿ ಹೋಗಬೇಕಾದದ್ದು ರಕ್ತನಾಳ ಬೇಗ ತೆರೆಸುವ ಕೆಲಸಕ್ಕೆ ಎಂಬುದರಲ್ಲಿ ತಕರಾರಿಲ್ಲ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ, ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದು ಈ ದಿಕ್ಕಿನಲ್ಲೇ. ಹರಿಯುವುದನ್ನು ತಡೆಯುವಲ್ಲಿ ಆ ಚುಚ್ಚುಮದ್ದಿನ ಮುಂದೆ ಯಾವ ಬಿರಡೆಯೂ ನಿಲ್ಲದು.

ಆದರೆ ತಡವಾಗಿ ಬರುವವರು ಇರುವವರೆಗೆ ಹರಿಯುವ ಹೃದಯಗಳೂ ಇರುತ್ತವೆ. ಕೋವಿಡ್ ಕಾಲದಲ್ಲಿ ಜನ ಆಸ್ಪತ್ರೆಗೆ ಹೆದರಿ ತಡಮಾಡಿದಾಗ ಈ ತೊಡಕುಗಳು ಹೆಚ್ಚಾದದ್ದನ್ನು ಹಲವು ದೇಶಗಳ ವೈದ್ಯರು ವರದಿ ಮಾಡಿದ್ದಾರೆ. ಅಂಥವರಿಗಾಗಿ ಪ್ರತಿ ಜಿಲ್ಲೆಯಲ್ಲೂ ಸಾಧನ ಇಟ್ಟುಕೊಳ್ಳುವುದು ದಂಡ. ವರ್ಷಕ್ಕೊಂದು ಮಾಡುವ ಕೈಗೆ ಇಂಥ ಕೆಲಸ ಒಲಿಯುವುದೂ ಇಲ್ಲ. ರಾಜ್ಯಕ್ಕೆ ಒಂದೆರಡು ಕಡೆ, ಸರ್ಜನ್, ಕಾರ್ಡಿಯಾಲಜಿಸ್ಟ್, ಎಕ್ಮೋ ತಂಡ ಮೂರೂ ಒಂದೇ ಸೂರಿನಡಿ ಇರುವ ಕಡೆ, ಎಲ್ಲ ರೋಗಿಗಳೂ ಸೇರುವಂತಾದರೆ ಖರ್ಚೂ ಅಳತೆಗೆ ಸಿಗುತ್ತದೆ, ಬ್ರಿಟನ್ನಿನವರ ಹಾಗೆ ಯಾರು ಉಳಿದರು, ಯಾರು ಉಳಿಯಲಿಲ್ಲ ಎಂಬ ದಾಖಲೆಯೂ ನಮ್ಮದೇ ಆಗಿ ಬೆಳೆಯುತ್ತದೆ. ನಮ್ಮ ರೋಗಿಗಳು ಪಶ್ಚಿಮದವರಿಗಿಂತ ಕಿರಿಯರು, ಕ್ರಿಯೇಟ್ ದಾಖಲೆಯಲ್ಲಿ ಸರಾಸರಿ ವಯಸ್ಸು 57 ದಾಟಿತ್ತಷ್ಟೆ. ಪಶ್ಚಿಮದ ಅಂಕಿಗಳನ್ನೇ ಇಟ್ಟುಕೊಂಡು ನಮ್ಮವರ ಬಗ್ಗೆ ತೀರ್ಮಾನ ಮಾಡುವುದು ಎಷ್ಟು ದಿನ? ರೋಗಿಗಳನ್ನು ಇಂಥ ಕೇಂದ್ರಕ್ಕೆ ಸೇರಿಸಲು ಬೇಕಾದ ತಂತಿ ಆಗಲೇ ಎಳೆದಾಗಿದೆ. ತಾಲ್ಲೂಕಿನ ಇಸಿಜಿ ಬೆಂಗಳೂರಿಗೆ ನಿಮಿಷಗಳಲ್ಲಿ ಬರುವುದಾದರೆ, ಮೂರನೆಯ ದಿನ ಜಿಲ್ಲಾಸ್ಪತ್ರೆಯಲ್ಲಿ ಕೇಳಿದ ಹೊಸ ಸದ್ದಿನ ಎಕೋ ಚಿತ್ರವೂ ಅದೇ ದಾರಿಯಲ್ಲಿ ಬರಬಹುದು, ಆಂಬುಲೆನ್ಸ್ ಹೊರಡುವ ಮೊದಲೇ ಬಲೂನ್ ಪಂಪ್ ಹಾಕಬೇಕೇ ಬೇಡವೇ ಎಂಬ ಉತ್ತರ ಅಲ್ಲಿಗೆ ವಾಪಸ್ ಹೋಗಬಹುದು.